ಆರು ಅಕ್ಷರ

ಬುಧವಾರ ಸಂಜೆ ನಾಲ್ಕೂವರೆಗೆ ಪುಟ ಕಟ್ಟಬೇಕು.
ಮೇಲೆ ಕುರಿ ಹರಾಜಿನ ಚಿತ್ರ, ಕೆಳಗೆ ಟೈರಿನ ಜಾಹೀರಾತು,
ನಡುವೆ ಒಂಟಿ ಕಾಲಮ್ಮು, ಬೆರಳಗಲ ಜಾಗ.
‘ಭಿನ್ನಾಭಿಪ್ರಾಯ’ ಎಂದರೆ ಅಂಚು ದಾಟುತ್ತದೆ,
‘ಜಗಳ’ ಎಂದರೆ ವಕೀಲರ ಪತ್ರ ಬರುತ್ತದೆ,
‘ಚರ್ಚೆ’ ಎಂದರೆ ಯಾರೂ ಓದುವುದಿಲ್ಲ.
ಹಾಗಾಗಿ ನ್ಯೂಜಿಲೆಂಡಿನ ಈ ತೆಂಕಣ ತುದಿಯಲ್ಲಿ
ಮೂವತ್ತೊಂದು ವರ್ಷದಿಂದ ನಾನು
ಕಣ್ಣುಮುಚ್ಚಿ ಕೈಚಾಚುವ ಪದ ಒಂದೇ:
ಸ್ಟೌಶ್.
ಇಂಗ್ಲಿಷಿನ ಆರು ಅಕ್ಷರ, ಒಂದೇ ಉಸಿರು.
ಕಾದ ಕಾವಲಿಗೆ ನೀರು ಚಿಮುಕಿಸಿದಂತೆ
ಚುಂಯ್ ಎಂದು ಮುಗಿದುಬಿಡುತ್ತದೆ.

ಅಪ್ಪನ ಅಪ್ಪ ಇದನ್ನು ಫ್ರಾನ್ಸಿನ ಕಂದಕದಿಂದ
ಪೆನ್ಸಿಲಿನಲ್ಲಿ ಬರೆದಿದ್ದ:
“ನಾಳೆ ದೊಡ್ಡ ಸ್ಟೌಶ್ ಇದೆ. ಕಾಲುಚೀಲ ತಲುಪಿತು.”
ಮುಂದಿನ ಕಾಗದ ದಾದಿಯೊಬ್ಬಳ ಕೈಬರಹ.
ಆಗ ಪದದೊಳಗೆ ಮುಷ್ಟಿ ಇತ್ತು, ಮುರಿದ ಹಲ್ಲಿತ್ತು,
ಹೆಂಡದಂಗಡಿಯ ಹಿತ್ತಲಿನ ಕೆಸರಿತ್ತು.
ಸ್ಕಾಟ್ಲೆಂಡಿನಲ್ಲಿ ಹಡಗು ಹತ್ತಿತೆಂದು ಕೆಲವರು,
ಇಲ್ಲ, ಆಸ್ಟ್ರೇಲಿಯಾದ ಬೀದಿಯಲ್ಲೇ ಹುಟ್ಟಿತೆಂದು ಕೆಲವರು.
ಅದಕ್ಕೂ ಒಂದು ಸ್ಟೌಶ್ ಆಗಬಹುದು.

ಮಾತಿಗೆ ಮಾತು ಬೆಳೆದು ಕೈ ಕೈ ಮಿಲಾಯಿಸುವುದು ಲೋಕರೂಢಿ.
ಈ ಪದ ಹಿಂದುಹಿಂದಕ್ಕೆ ನಡೆದು ಬಂತು,
ಕೈಯಿಂದ ಬಾಯಿಗೆ.
ಈಗ ಅದಕ್ಕೆ ರಕ್ತ ಬೇಡ.
ಪುರಸಭೆಯ ಮಡಚುವ ಕುರ್ಚಿ, ಒಂದು ಮೈಕು, ಕೆಮ್ಮು,
ನಲವತ್ತು ಸಹಿಯ ಅರ್ಜಿ ಸಾಕು.
ಪಾರ್ಕಿಂಗಿಗೆ ಸ್ಟೌಶ್, ಬೀಡಾಡಿ ಬೆಕ್ಕಿಗೆ ಸ್ಟೌಶ್,
ಈಜುಕೊಳದ ಬೀಗದಕೈಗೆ ಚಳಿಗಾಲವಿಡೀ ಸ್ಟೌಶ್.
ಅಡುಗೆಮನೆಯಲ್ಲಿ ಆದದ್ದಕ್ಕೆ ಈ ಹೆಸರು ಅಂಟುವುದಿಲ್ಲ.
ಇಬ್ಬರು ಸಾಲದು.
ಬೇಲಿಯ ಮೇಲೆ ಕತ್ತು ಚಾಚುವ ಮೂರನೆಯವನು ಬೇಕು.

ಈ ಸಲ ಅಗ್ನಿಶಾಮಕದ ಸೈರನ್.
ರಾತ್ರಿ ಕೂಗಬಾರದು ಎನ್ನುತ್ತಾಳೆ ನೊಯೆಲಿನ್ ಪ್ರಾಟ್ಲಿ,
ನಾಲ್ಕಕ್ಕೆದ್ದು ಇನ್ನೂರು ಹಸು ಕರೆಯುವವಳು.
ಕೂಗಲೇಬೇಕು ಎನ್ನುತ್ತಾಳೆ ಹೂರಿಯಾ ತೆ ಫಾಟಾ,
ದಳದ ಮುಖ್ಯಸ್ಥೆ, ಸಂಬಳವಿಲ್ಲದವಳು.
“ಗುಡ್ಡದ ಮರೆಗೆ ಹೋದರೆ ಫೋನು ಸಾಯುತ್ತದೆ, ಇದು ಸಾಯುವುದಿಲ್ಲ.”
ಒಬ್ಬಳು ಕಾಗದ ನೋಡಿ ಓದಿದಳು, ಕಾಗದ ನಡುಗುತ್ತಿತ್ತು.
ಇನ್ನೊಬ್ಬಳಿಗೆ ಕಾಗದವಿಲ್ಲ, ನೆಲ ನೋಡಿ ಹೇಳಿದಳು.
ಯಾರೂ ದನಿ ಏರಿಸಲಿಲ್ಲ.
ಚಹಾ ಮುಗಿದ ಮೇಲೆ ಬಚ್ಚಲ ಬಳಿ
ನೊಯೆಲಿನ್ ಬಟ್ಟಲು ತೊಳೆದಳು, ಹೂರಿಯಾ ಒರೆಸಿದಳು.
ನಾನು ಕಂಡೆ.
ಅದಕ್ಕೆ ಕಾಲಮ್ಮಿನಲ್ಲಿ ಜಾಗವಿರಲಿಲ್ಲ.
‘ಸೈರನ್ ಸ್ಟೌಶ್’ ಎಂದು ಹಾಕಿದೆ.
ಎರಡು ಸಕಾರ. ಅಚ್ಚುಕಟ್ಟಾಗಿ ಕೂತಿತು.

ಶುಕ್ರವಾರ ಕಚೇರಿಗೆ ಬಂದಳು ನೊಯೆಲಿನ್,
ಗಂಬೂಟು ಬಾಗಿಲಲ್ಲೇ ಕಳಚಿ, ಬರೀ ಕಾಲುಚೀಲದಲ್ಲಿ.
“ಮೊಟ್ಟೆಗೆ ಹೂರಿಯಾ ಬರುತ್ತಿಲ್ಲ” ಎಂದಳು.
“ಗುರುವಾರದವರೆಗೆ ಅದು ನಮ್ಮ ನಡುವೆ ಇರಲಿಲ್ಲ.”
ತಿದ್ದುಪಡಿ ಹಾಕಲೇ, ಎಂದೆ.
ಏನಂತ ಹಾಕುತ್ತೀ, ಎಂದಳು.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ನನ್ನಣ್ಣ ಲಾಕ್ಲನ್ ನದಿಯ ಆ ದಡದಲ್ಲಿದ್ದಾನೆ.
ಅವನ ಚಿಮಣಿಯ ಹೊಗೆ ನನಗೆ ಕಾಣುತ್ತದೆ.
ಅಮ್ಮನ ಗೋಡೆ ಗಡಿಯಾರದ ವಿಷಯ,
ಹತ್ತೊಂಬತ್ತು ವರ್ಷ.
ಯಾರೂ ಅರ್ಜಿ ಬರೆಯಲಿಲ್ಲ, ಸಭೆ ಕರೆಯಲಿಲ್ಲ,
ಒಬ್ಬನೂ ಎದ್ದು ಗಂಟಲು ಸರಿಮಾಡಿಕೊಂಡು
ನೀನು ತಪ್ಪು ಎನ್ನಲಿಲ್ಲ.
ಅದಕ್ಕೆ ಆರು ಅಕ್ಷರವೂ ದಕ್ಕಲಿಲ್ಲ.

ಸೈರನ್ನಿನ ತೀರ್ಮಾನ ಮುಂದಿನ ತಿಂಗಳಿಗೆ ಹೋಗಿದೆ.
ನಿನ್ನೆ ರಾತ್ರಿ ಎರಡು ಹತ್ತಕ್ಕೆ ಕೂಗಿತು.
ಎದ್ದು ಕಿಟಕಿಗೆ ಹೋದೆ.
ನದಿಯಾಚೆ ಅವನ ದೀಪ ಹತ್ತಿತು.
ಅದು ಕೂಗಿ ಕೂಗಿ ತಗ್ಗುವವರೆಗೆ
ಬೆಂಕಿ ಎಲ್ಲಿದೆಯೆಂದು
ಹುಡುಕುತ್ತ ನಿಂತಿದ್ದೆವು, ಎದುರೆದುರು.